‘ಆಯ್ತು ಸಾರ್’ ಅಂದ್ರೆ ಏನರ್ಥ?

ಈ ತಿಂಗಳು ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಕೊಂಡು ಓದ್ದೆ. ಊರು ಬೇರೆ, ಕೆಲಸ ಬೇರೆ, ಆದ್ರೆ ಬರೆದಿರೋರೆಲ್ಲ ನಾಲ್ಕು ಜನರನ್ನ ನಡೆಸೋ ಜಾಗದಲ್ಲಿ ಕೂತಿರೋರು, ಹೆಚ್ಚು ಕಮ್ಮಿ ಎಲ್ರೂ ಕೇಳ್ತಿರೋದು ‘ಜನ ನನ್ನ ಮಾತು ಕೇಳೋ ಹಾಗೆ ಮಾಡೋದು ಹೇಗೆ’ ಅಂತ. ‘ಜನ ನನ್ನ ಹತ್ರ ಬಂದು ಹೇಳೋ ಹಾಗೆ ಮಾಡೋದು ಹೇಗೆ’ ಅಂತ ಕೇಳಿರೋರು ಕಮ್ಮಿ. ನಂಗೆ ಈ ಎರಡನೇದೇ ದೊಡ್ಡದು ಅನ್ಸುತ್ತೆ, ಹಾಗಾಗಿ ಅದರಿಂದಾನೇ ಶುರು ಮಾಡ್ತೀನಿ. ಹೆಸರು ಹಾಕ್ಬೇಡಿ ಅಂತ ಎಲ್ರೂ ಕೇಳಿದಾರೆ, ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್, ನನ್ನ ಟೀಮಲ್ಲಿ 11 ಜನ ಇದಾರೆ. ಈ ಸಲ ಹೆಸರು ಹಾಕದೆ ಬರೆಯೋ ಫೀಡ್‌ಬ್ಯಾಕಲ್ಲಿ ಮೂರು ಜನ ‘ಇವರ ಹತ್ರ ಪ್ರಾಬ್ಲಮ್ ಹೇಳೋಕೆ ಹಿಂಜರಿಕೆ ಆಗುತ್ತೆ’ ಅಂತ ಬರೆದಿದಾರೆ. ನಾನು ಇವತ್ತಿನವರೆಗೂ ಯಾರಿಗೂ ಬೈದಿಲ್ಲ, ಏನೇ ಇದ್ರೂ ಬಂದು ಹೇಳಿ ಅಂತ ಪ್ರತಿ ಮೀಟಿಂಗಲ್ಲೂ ಹೇಳ್ತೀನಿ. ಎರಡು ರಾತ್ರಿ ನಿದ್ದೆ ಬಂದಿಲ್ಲ. ಯಾರು ಬರೆದಿರೋದು ಅಂತ ಅಂದಾಜಿದೆ, ಕರೆದು ಕೂರಿಸ್ಕೊಂಡು ಮಾತಾಡಲಾ? – ಬೆಂಗಳೂರು

ಬೇಡ, ದಯವಿಟ್ಟು ಕರೀಬೇಡಿ. ಹೆಸರು ಬರಲ್ಲ ಅಂತ ನಂಬಿ ಬರೆದೋರನ್ನ ನೀವು ಹುಡುಕಿ ಹಿಡಿದ್ರೆ, ಎಷ್ಟೇ ನಗ್ತಾ ಮಾತಾಡಿಸಿದ್ರೂ ಆ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಉಳಿದ ಎಂಟು ಜನಕ್ಕೂ ತಲುಪಿರುತ್ತೆ, ಮುಂದಿನ ವರ್ಷ ಎಲ್ರೂ ‘ತುಂಬಾ ಒಳ್ಳೇ ಲೀಡ್’ ಅಂತ ಬರೀತಾರೆ, ನಿಮಗೆ ಚೆನ್ನಾಗಿ ನಿದ್ದೆ ಬರುತ್ತೆ, ಟೀಮಲ್ಲಿ ಏನು ನಡೀತಿದೆ ಅನ್ನೋದು ಮಾತ್ರ ಗೊತ್ತಾಗಲ್ಲ.

ನೀವು ಬೈದಿಲ್ಲ ಅನ್ನೋದನ್ನ ನಾನು ಪೂರ್ತಿ ನಂಬ್ತೀನಿ. ಯಾಕಂದ್ರೆ ನಾನೂ ಬೈದಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ಪೀಣ್ಯದಲ್ಲಿ ಒಂದು ಮಷೀನ್ ಶಾಪಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ಸೆಕೆಂಡ್ ಶಿಫ್ಟ್, ತಿಂಗಳ ಕೊನೆ, ಡಿಸ್ಪ್ಯಾಚ್ ಒತ್ತಡ. ಐಟಿಐ ಮುಗಿಸಿ ಬಂದು ಆರು ತಿಂಗಳಾಗಿದ್ದ ಹುಡುಗ ಒಬ್ಬ ಸಿಎನ್‌ಸಿ ಲೇತಲ್ಲಿ, ಅಂದ್ರೆ ಕಂಪ್ಯೂಟರ್ ನಡೆಸೋ ಮಷೀನಲ್ಲಿ, ಬೋರಿಂಗ್ (ಪೀಸಿನ ತೂತು ಕೊರೆಯೋದು) ಮಾಡ್ತಿದ್ದ, ನನ್ನ ಟೇಬಲ್ ಹತ್ರ ಬಂದು ‘ಸಾರ್, ಸೌಂಡ್ ಒಂಥರಾ ಬರ್ತಿದೆ’ ಅಂದ. ನಾನು ಲೆಕ್ಕ ಬರೀತಿದ್ದೆ, ತಲೆ ಎತ್ತದೆ ‘ಹ್ಞೂಂ, ಓಡ್ಸು’ ಅಂದೆ. ಅಷ್ಟೇ ಆಗಿದ್ದು. ಅವತ್ತು ಏನೂ ತೊಂದ್ರೆ ಆಗ್ಲಿಲ್ಲ. ಎರಡು ವಾರ ಆದ್ಮೇಲೆ ಅದೇ ಮಷೀನಲ್ಲಿ ಇನ್ಸರ್ಟ್, ಅಂದ್ರೆ ಕೊರೆಯೋ ಟೂಲಿನ ತುದಿ, ಚೂರು ಮುರಿದು ತೂತಿನ ಅಳತೆ ತಪ್ಪಿಹೋಯ್ತು, ಅವನಿಗೆ ಸೌಂಡಲ್ಲೇ ಅನುಮಾನ ಬಂದಿತ್ತು, ಬಂದು ಹೇಳ್ಲಿಲ್ಲ, ಬೆಳಿಗ್ಗೆ ಇನ್ಸ್‌ಪೆಕ್ಷನಲ್ಲಿ 140 ಪೀಸ್ ರಿಜೆಕ್ಟ್. ಯಾಕೋ ಹೇಳ್ಲಿಲ್ಲ ಅಂತ ಕೇಳಿದ್ದಕ್ಕೆ ಆ ಹುಡುಗ ನೆಲ ನೋಡ್ಕೊಂಡು ‘ಹೋದ್ಸಲ ಹೇಳಿದ್ನಲ್ಲ ಸಾರ್’ ಅಂದ. ಆ ಮಾತು ಇವತ್ತಿಗೂ ನನ್ನ ಬಿಟ್ಟಿಲ್ಲ. ಅವನು ನನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿದ್ದು ಎರಡು ವಾರ ಹಿಂದೆ, ಎರಡು ಸೆಕೆಂಡಲ್ಲಿ, ನನಗೆ ಅದು ನೆನಪೂ ಇರಲಿಲ್ಲ.

ನಮ್ಮ ಬೆನ್ನು ನಮಗೆ ಕಾಣಲ್ಲ ಅಂತ ಹಿರಿಯರು ಹೇಳ್ತಾರಲ್ಲ, ಅದನ್ನೇ 1955ರಲ್ಲಿ ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗಮ್ ಅನ್ನೋ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಕಿಟಕಿ ಥರ ಬರೆದು ತೋರಿಸಿದ್ರು, ತಮ್ಮಿಬ್ಬರ ಹೆಸರೂ ಸೇರಿಸಿ ಅದಕ್ಕೆ ಜೊಹಾರಿ ಕಿಟಕಿ ಅಂತ ಹೆಸರಿಟ್ರು. ನಾಲ್ಕು ಮನೆ. ನನಗೂ ಗೊತ್ತು ಬೇರೆಯವರಿಗೂ ಗೊತ್ತು ಅನ್ನೋದು ಒಂದು, ನನಗೆ ಮಾತ್ರ ಗೊತ್ತು ಅನ್ನೋದು ಇನ್ನೊಂದು, ಯಾರಿಗೂ ಗೊತ್ತಿಲ್ಲದ್ದು ಮತ್ತೊಂದು. ಉಳಿದ ಒಂದು ಮನೆ ಇದೆಯಲ್ಲ, ಊರಿಗೆಲ್ಲ ಕಾಣುತ್ತೆ ನನಗೆ ಮಾತ್ರ ಕಾಣಲ್ಲ ಅನ್ನೋದು, ನಿಮ್ಮ ಟೀಮಿನ ಮೂರು ಜನ ಅದರ ಬಾಗಿಲನ್ನ ಒಂಚೂರು ತೆಗೆದು ತೋರಿಸಿದಾರೆ. ಅದು ಅವರು ಮಾಡಿರೋ ಉಪಕಾರ. ಒಳಗಿಂದ ಎಷ್ಟೇ ಯೋಚನೆ ಮಾಡಿದ್ರೂ ಆ ಮನೆ ಕಾಣಲ್ಲ, ಧ್ಯಾನ ಮಾಡಿದ್ರೂ ಡೈರಿ ಬರೆದ್ರೂ ಕಾಣಲ್ಲ, ಬೇರೆಯವರು ಹೇಳಿದ್ರೆ ಮಾತ್ರ ಗೊತ್ತಾಗುತ್ತೆ.

ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಕಥೆ ಯಾಕೆ ಅಂತ ಅನ್ನಿಸಬಹುದು, ಅದಕ್ಕೆ ನಾನು ಟ್ರೇನಿಂಗಲ್ಲಿ ಪ್ರತಿ ಸಲ ಹೇಳೋ ಒಂದು ಘಟನೆ ಹೇಳ್ತೀನಿ. 1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಟೆನೆರಿಫ್ ಏರ್‌ಪೋರ್ಟು. ಮಂಜು ಕವಿದಿತ್ತು. ರನ್‌ವೇ ಮೇಲೇ ಎರಡು ಬೋಯಿಂಗ್ 747 ಡಿಕ್ಕಿ ಹೊಡೆದು 583 ಜನ ಸತ್ರು, ವಿಮಾನಗಳ ಅಪಘಾತದಲ್ಲಿ ಅಷ್ಟು ಜನ ಬೇರೆ ಯಾವತ್ತೂ ಸತ್ತಿಲ್ಲ. ಟೇಕಾಫ್‌ಗೆ ಹೊರಟ ವಿಮಾನ ನೆದರ್ಲೆಂಡ್ಸಿನ ಕೆಎಲ್‌ಎಂ ಕಂಪನಿದು, ಅದರ ಕ್ಯಾಪ್ಟನ್ ಏನು ಸಾಮಾನ್ಯ ಮನುಷ್ಯ ಅಲ್ಲ, ಕಂಪನಿಯಲ್ಲಿ ತುಂಬಾ ಸೀನಿಯರ್, ಬೇರೆ ಪೈಲಟ್‌ಗಳಿಗೆ 747 ಕಲಿಸ್ತಿದ್ದವರು, ಕಂಪನಿ ಜಾಹೀರಾತಲ್ಲೂ ಅವರ ಫೋಟೋ ಬರ್ತಿತ್ತು. ಮೊದಲ ಸಲ ಅವರು ಹೊರಡೋಕೆ ಇಂಜಿನ್ ಏರಿಸಿದಾಗ ಪಕ್ಕದ ಕೋ-ಪೈಲಟ್ ‘ಇನ್ನೂ ಕ್ಲಿಯರೆನ್ಸ್ ಬಂದಿಲ್ಲ’ ಅಂತ ತಡೆದ್ರು. ಕ್ಯಾಪ್ಟನ್ ‘ಗೊತ್ತು, ಕೇಳು ಅವರನ್ನ’ ಅಂದ್ರು. ಸ್ವಲ್ಪ ಹೊತ್ತಲ್ಲೇ, ಟೇಕಾಫ್‌ಗೆ ಅನುಮತಿ ಬರದೇನೇ, ಮತ್ತೆ ಹೊರಟರು. ಈ ಸಲ ಕೋ-ಪೈಲಟ್ ತಡೀಲಿಲ್ಲ. ಹಿಂದೆ ಕೂತಿದ್ದ ಫ್ಲೈಟ್ ಇಂಜಿನಿಯರ್ ರೇಡಿಯೋದಲ್ಲಿ ಬಂದ ಮಾತು ಕೇಳಿ ‘ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ವಾ ಹಾಗಾದ್ರೆ’ ಅಂತ ಕೇಳಿದ್ರು, ಕ್ಯಾಪ್ಟನ್ ಗಟ್ಟಿಯಾಗಿ ‘ಬಿಟ್ಟಿದೆ’ ಅಂದ್ರು, ಅವರೂ ಸುಮ್ಮನಾದ್ರು. ಮಂಜು, ರೇಡಿಯೋದಲ್ಲಿ ಮಾತಿನ ಮೇಲೆ ಮಾತು ಬಿದ್ದು ಕೇಳಿಸದೇ ಹೋಗಿದ್ದು, ಕಾರಣ ಬೇಕಾದಷ್ಟಿವೆ, ಎಲ್ಲಾ ಒಬ್ಬರ ತಲೆಗೆ ಕಟ್ಟೋಕೆ ಆಗಲ್ಲ. ಆದ್ರೆ ಆ ಕಾಕ್‌ಪಿಟ್ಟಲ್ಲಿ ಇಬ್ಬರು ಬಾಯಿ ಬಿಟ್ಟಿದ್ರು, ಎರಡು ಸಣ್ಣ ಉತ್ತರಕ್ಕೆ ಆ ಬಾಯಿ ಮುಚ್ಕೊಂಡ್ವು. ‘ಗೊತ್ತು’ ಅನ್ನೋದು ಬೈಗುಳ ಅಲ್ವಲ್ಲ. ನನ್ನ ‘ಓಡ್ಸು’ ಕೂಡ ಬೈಗುಳ ಆಗಿರಲಿಲ್ಲ.

ಇಂಥ ಅಪಘಾತಗಳ ತನಿಖೆ ಆದ್ಮೇಲೆ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸ್ತು, 1981ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ಇದನ್ನೇ ಪಾಠ ಮಾಡೋಕೆ ಶುರು ಮಾಡ್ತು. ವಿಮಾನ ಹಾರಿಸೋದು ಅವರಿಗೆ ಆಗಲೇ ಬರ್ತಿತ್ತು, ಕಲಿಸಿದ್ದು ಕೆಳಗಿನವನು ಹೇಳೋದು ಹೇಗೆ, ಮೇಲಿನವನು ಕೇಳಿಸ್ಕೊಳ್ಳೋದು ಹೇಗೆ ಅನ್ನೋದನ್ನ. ಈಗ ಇದು ಪೈಲಟ್ ಟ್ರೇನಿಂಗಿನ ಒಂದು ಭಾಗಾನೇ ಆಗಿದೆ. ಅಂದ್ರೆ ಕಲೀಬಹುದಾದ ವಿದ್ಯೆ ಇದು, ಹುಟ್ಟುಗುಣ ಅಂತ ಕೈ ಚೆಲ್ಲಬೇಕಾಗಿಲ್ಲ.

ಈಗ ನಿಮ್ಮ ವಿಷಯ. ಮೊದಲು ನಿಮ್ಮ ‘ಯಾಕೆ’ಗಳನ್ನ ಎಣಿಸಿ. ‘ಯಾಕೆ ಬಿಲ್ಡ್ ಫೇಲ್ ಆಯ್ತು’, ‘ಯಾಕೆ ನಿನ್ನೆನೇ ಹೇಳ್ಲಿಲ್ಲ’, ‘ಯಾಕೆ ಇಷ್ಟು ಲೇಟು’. ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಈ ‘ಯಾಕೆ’ ಕೇಳಿರೋದು ಬೈಗುಳ ಶುರು ಆಗೋ ಮುಂಚೆನೇ, ‘ಯಾಕೋ ಮಾರ್ಕ್ಸು ಕಮ್ಮಿ’, ‘ಯಾಕೇ ಇಷ್ಟೊತ್ತು ಮಾಡ್ದೆ’ ಅಂತ. ಅದಕ್ಕೆ ಯಾಕೆ ಅಂದ ತಕ್ಷಣ ಎದುರಿಗಿರೋರು ಕಾರಣ ಹುಡುಕೋಕೆ ಶುರು ಮಾಡ್ತಾರೆ, ತಪ್ಪಿಸ್ಕೊಳ್ಳೋ ಕಾರಣ. ಅದರ ಬದಲು ‘ಏನಾಯ್ತು’ ಅಂತ ಕೇಳಿ ನೋಡಿ, ಜನ ನಡೆದಿದ್ದು ನಡೆದ ಹಾಗೆ ಹೇಳ್ತಾರೆ. ಮಾತು ಒಂದೇ ಬದಲಾಗಿರೋದು, ಆದ್ರೆ ನಾನು ಫ್ಲೋರಲ್ಲಿ ಎಷ್ಟೋ ಸಲ ನೋಡಿದೀನಿ, ಉತ್ತರಾನೇ ಬೇರೆ ಬರುತ್ತೆ.

ಎರಡನೇದು ‘ಅರ್ಥ ಆಯ್ತಾ’ ಅಂತ ಕೇಳೋ ಅಭ್ಯಾಸ. ಅದಕ್ಕೆ ನಮ್ಮ ಜನ ಕೊಡೋ ಉತ್ತರ ಒಂದೇ, ‘ಆಯ್ತು ಸಾರ್’. ಈ ‘ಆಯ್ತು ಸಾರ್’ಗೆ ಕೇಳಿಸ್ತು ಅಂತಾನೂ ಅರ್ಥ, ಒಪ್ಪಿದೆ ಅಂತಾನೂ ಅರ್ಥ, ಒಪ್ಪಿಲ್ಲ ಆದ್ರೆ ನಿಮ್ಮ ಜೊತೆ ಯಾರು ವಾದ ಮಾಡ್ತಾರೆ ಅಂತಾನೂ ಅರ್ಥ, ನನ್ನ ಬಿಟ್ಟುಬಿಡಿ ಊಟಕ್ಕೆ ಹೋಗ್ಬೇಕು ಅಂತಾನೂ ಅರ್ಥ. ಅದನ್ನ ನಂಬ್ಕೊಂಡು ಪ್ಲ್ಯಾನ್ ಮಾಡ್ಬೇಡಿ. ‘ಹಾಗಾದ್ರೆ ಮೊದಲು ಯಾವುದನ್ನ ಕೈಗೆ ತಗೋತೀರಾ, ಎಲ್ಲಿ ಕಷ್ಟ ಆಗಬಹುದು ಅನ್ಸುತ್ತೆ’ ಅಂತ ಕೇಳಿ, ಆಗ ಅರ್ಥ ಆಗಿದ್ದು ಆಗದೇ ಇರೋದು ಎರಡೂ ಹೊರಗೆ ಬರುತ್ತೆ.

ಇನ್ನು ಟೀಮಿಗೆ ಏನು ಹೇಳೋದು ಅಂದ್ರೆ, ಇದ್ದಿದ್ದನ್ನೇ ಹೇಳಿ. ‘ಫೀಡ್‌ಬ್ಯಾಕ್ ಓದ್ದೆ, ನನ್ನ ಹತ್ರ ಬಂದು ಹೇಳೋಕೆ ಕಷ್ಟ ಆಗುತ್ತೆ ಅಂತ ಕೆಲವರು ಬರೆದಿದಾರೆ, ಯಾರು ಅಂತ ನಂಗೆ ಬೇಡ, ಬರೆದಿದ್ದು ಒಳ್ಳೇದಾಯ್ತು. ಇನ್ಮೇಲೆ ಯಾರಾದ್ರೂ ಮಾತಾಡೋಕೆ ಬಂದಾಗ ಲ್ಯಾಪ್‌ಟಾಪ್ ಮುಚ್ತೀನಿ, ಮರೆತ್ರೆ ಅಲ್ಲೇ ಹೇಳಿ.’ ಅಷ್ಟು ಸಾಕು, ಕ್ಷಮೆ ಗಿಮೆ ಅಂತ ಉದ್ದ ಭಾಷಣ ಮಾಡಿದ್ರೆ ಅವರಿಗೇ ಮುಜುಗರ. ಆಮೇಲೆ ಯಾರಾದ್ರೂ ನಿಜವಾಗ್ಲೂ ಒಂದು ಕೆಟ್ಟ ಸುದ್ದಿ ತಗೊಂಡು ಬಂದ ದಿನ ನಿಮ್ಮ ಬಾಯಿಂದ ಬರೋ ಮೊದಲ ವಾಕ್ಯ ಏನು ಅಂತ ಇವತ್ತೇ ತೀರ್ಮಾನ ಮಾಡಿಟ್ಕೊಳ್ಳಿ, ಯಾಕಂದ್ರೆ ಅವತ್ತು ಯೋಚನೆ ಮಾಡೋಕೆ ಟೈಮ್ ಇರಲ್ಲ. ನಂದು ‘ಹೇಳಿದ್ದು ಒಳ್ಳೇದಾಯ್ತು, ನಡಿ ನೋಡೋಣ’ ಅಂತ. ಬಾಯಿಪಾಠ ಆಗೋಕೆ ವರ್ಷ ಹಿಡೀತು.

ಪ್ರಶ್ನೆ: ಸಾರ್ ನನಗೆ 24 ವರ್ಷ, ಗಾರ್ಮೆಂಟ್ಸಲ್ಲಿ ಟೈಲರ್ ಆಗಿದ್ದೆ, ಮೂರು ತಿಂಗಳ ಹಿಂದೆ ಅದೇ ಲೈನಿಗೆ ಸೂಪರ್‌ವೈಸರ್ ಮಾಡಿದಾರೆ. ಲೈನಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡ್ತಿರೋ ಅಕ್ಕಂದಿರಿದ್ದಾರೆ, ‘ನಿನ್ನೆ ಮೊನ್ನೆ ಬಂದೋಳು ನಮಗೆ ಹೇಳಕ್ಕೆ ಬಂದ್ಲು’ ಅಂತಾರೆ. ಇನ್‌ಚಾರ್ಜ್ ಟಾರ್ಗೆಟ್ ಆಗ್ಲಿಲ್ಲ ಅಂತ ಎಲ್ಲರ ಮುಂದೆ ನನ್ನ ಮೇಲೆ ಕೂಗಾಡ್ತಾರೆ, ನಾನು ಲೈನಲ್ಲಿ ಕೂಗಾಡ್ತೀನಿ, ಆಮೇಲೆ ಬಾತ್‌ರೂಮಿಗೆ ಹೋಗಿ ಅಳ್ತೀನಿ. ನಾನು ಹಿಂಗಿರಲಿಲ್ಲ. – ರಾಮನಗರ

ನಿಮ್ಮ ಕೊನೇ ಸಾಲು ಇದೆಯಲ್ಲ, ‘ನಾನು ಹಿಂಗಿರಲಿಲ್ಲ’, ಅಷ್ಟು ಗೊತ್ತಾಗೋದಕ್ಕೆ ಕೆಲವರಿಗೆ ರಿಟೈರ್ ಆಗಬೇಕಾಗುತ್ತಮ್ಮ. ನಿಮಗೆ ಮೂರೇ ತಿಂಗಳಲ್ಲಿ ಗೊತ್ತಾಗಿದೆ.

ಬೈಗುಳ ನೀರಿನ ಥರ, ಇಳಿಜಾರು ಕಂಡ ಕಡೆ ಹರಿಯುತ್ತೆ. ಬಟ್ಟೆಗೆ ಆರ್ಡರ್ ಕೊಡೋ ಬೈಯರ್ ಹತ್ರ ಶುರುವಾಗಿ ಮ್ಯಾನೇಜರು, ಇನ್‌ಚಾರ್ಜು, ಆಮೇಲೆ ನೀವು, ಕೊನೆಗೆ ಮಷೀನ್ ಮುಂದೆ ಕೂತ ಅಕ್ಕ, ಅವರು ಮನೆಗೆ ಹೋಗಿ ಮಗು ಮೇಲೆ. ಮೇಲಿಂದ ಬರೋದನ್ನ ನೀವು ನಿಲ್ಲಿಸೋಕೆ ಆಗಲ್ಲ, ಆದ್ರೆ ನಿಮ್ಮ ಹತ್ರ ಬಂದಿದ್ದು ಕೆಳಗೆ ಹೋಗೋವಾಗ ಎಷ್ಟು ಹೋಗ್ಬೇಕು ಅನ್ನೋದು ನಿಮ್ಮ ಕೈಲಿದೆ. ಇನ್‌ಚಾರ್ಜ್ ಕೂಗಾಡಿ ಹೋದ ತಕ್ಷಣ ಲೈನಿಗೆ ಹೋಗ್ಬೇಡಿ. ಎರಡು ನಿಮಿಷ ಟ್ರಿಮ್ಮಿಂಗ್ ಟೇಬಲ್ ಕಡೆ ಹೋಗಿ ಬನ್ನಿ, ನೀರು ಕುಡೀರಿ, ಆಮೇಲೆ ಹೋಗಿ. ಆ ಎರಡು ನಿಮಿಷದಲ್ಲಿ ಪೀಸೇನೂ ಕಮ್ಮಿ ಆಗಲ್ಲ.

ಇನ್ನೊಂದು, ಕೋಪ ಬಂದಾಗ ನಿಮ್ಮ ಬಾಯಲ್ಲಿ ಅಕ್ಕ ಹೋಗಿ ‘ಏಯ್’ ಬರ್ತಿದೆಯಾ, ‘ನೀವು’ ಹೋಗಿ ‘ನೀನು’ ಬರ್ತಿದೆಯಾ ಅಂತ ಗಮನಿಸಿ. ನಮ್ಮ ಭಾಷೆಯಲ್ಲಿ ಅದು ಒಂದೇ ಅಕ್ಷರದ ವ್ಯತ್ಯಾಸ, ಆದ್ರೆ ನಲವತ್ತು ದಾಟಿದ ಹೆಂಗಸಿಗೆ 24ರ ಹುಡುಗಿ ಏಕವಚನದಲ್ಲಿ ಕೂಗಿದ್ರೆ ಟಾರ್ಗೆಟ್ ಮರೆತುಹೋಗುತ್ತೆ, ಅದು ಮಾತ್ರ ನೆನಪಿರುತ್ತೆ. ಅಕ್ಕ ಅಂತಾನೇ ಕರೀರಿ, ಅಕ್ಕ ಅಂದ್ರೆ ನಿಮ್ಮ ಪವರ್ ಕಮ್ಮಿ ಆಗಲ್ಲ. ‘ಅಕ್ಕ, ಕಾಲರ್ ಹತ್ರ ಪೀಸ್ ಗುಡ್ಡೆ ಬೀಳ್ತಿದೆ, ಏನಾಗಿದೆ ನೋಡೋಣ ಬನ್ನಿ’ ಅಂದ್ರೆ ಅದರಲ್ಲಿ ಮರ್ಯಾದೆನೂ ಇದೆ ಕೆಲಸಾನೂ ಇದೆ. ಹದಿನೈದು ವರ್ಷದ ಅನುಭವ ಇರೋ ಅಕ್ಕನಿಗೆ ಯಾವ ಮಷೀನಲ್ಲಿ ದಾರ ಕಟ್ ಆಗುತ್ತೆ, ಯಾವ ಆಪರೇಷನ್ ಯಾರಿಗೆ ಕೊಟ್ರೆ ಸ್ಪೀಡ್ ಬರುತ್ತೆ ಎಲ್ಲಾ ಗೊತ್ತಿರುತ್ತೆ, ಕೇಳೋರಿಲ್ಲ ಅಷ್ಟೇ. ನೀವು ಕೇಳಿ. ಕೇಳಿ ಅದರ ಪ್ರಕಾರ ಒಂದು ಬದಲಾವಣೆ ಮಾಡಿ, ಆದ್ಮೇಲೆ ‘ಇದು ಅಕ್ಕ ಹೇಳಿದ್ದು’ ಅಂತ ಇನ್‌ಚಾರ್ಜ್ ಮುಂದೆನೂ ಹೇಳಿ.

ಹೆಂಗಸರು ಸುಮ್ಮನೆ ತಲೆ ಬಗ್ಗಿಸ್ಕೊಂಡು ಹೊಲೀತಾರೆ ಅಂದ್ರೆ ಅವರಿಗೆ ಬಾಯಿಲ್ಲ ಅಂತ ಅನ್ಕೋಬಾರ್ದು. 2016ರ ಏಪ್ರಿಲಲ್ಲಿ, ಪಿಎಫ್ ದುಡ್ಡು ತೆಗೆಯೋದಕ್ಕೆ ಕಡಿವಾಣ ಹಾಕೋ ಕೇಂದ್ರ ಸರ್ಕಾರದ ಹೊಸ ನಿಯಮದ ವಿರುದ್ಧ, ಬೆಂಗಳೂರಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಕೆಲಸ ಬಿಟ್ಟು ರಸ್ತೆಗಿಳಿದ್ರು, ಮುಂದೆ ನಿಂತು ನಡೆಸಿದ ದೊಡ್ಡ ಲೀಡರ್ ಅಂತ ಯಾರೂ ಇರಲಿಲ್ಲ, ಎರಡೇ ದಿನಕ್ಕೆ ಸರ್ಕಾರ ಆ ನಿಯಮ ವಾಪಸ್ ತಗೊಂಡ್ತು. ಅವತ್ತು ಕಲ್ಲು ತೂರಾಟ, ಲಾಠಿ ಏಟು ಎಲ್ಲಾ ಆಯ್ತು, ಅದನ್ನ ಮರೆಯೋ ಹಾಗಿಲ್ಲ. ನಾನು ಹೇಳೋಕೆ ಹೊರಟಿದ್ದು ಏನಂದ್ರೆ ನಿಮ್ಮ ಲೈನಲ್ಲಿ ಕೂತಿರೋದು ಅವರೇ, ಅಥವಾ ಅವರ ಜೊತೆಯವರೇ.

ಇನ್‌ಚಾರ್ಜ್ ಜೊತೆ ಮಾತಾಡೋಕೆ ಅವರು ಕೂಗಾಡೋ ಹೊತ್ತು ಆರಿಸ್ಕೋಬೇಡಿ. ಗಂಟೆ ಗಂಟೆಗೆ ಪ್ರೊಡಕ್ಷನ್ ಬರೆಯೋ ಬೋರ್ಡ್ ಇದೆಯಲ್ಲ, ಅದರ ಪಕ್ಕ ಕಮ್ಮಿಯಾದ ಗಂಟೆಗೆ ಕಾರಣ ಬರೀತಾ ಹೋಗಿ, ಮಷೀನ್ ನಿಂತಿದ್ದು, ಕಟಿಂಗ್ ಲೇಟಾಗಿ ಬಂದಿದ್ದು, ಇಬ್ಬರು ರಜಾ. ಒಂದು ವಾರ ಆದ್ಮೇಲೆ ಬೆಳಿಗ್ಗೆ ಶಿಫ್ಟ್ ಶುರುವಾಗೋ ಮುಂಚೆ ಅದನ್ನ ತೋರಿಸಿ ‘ಸಾರ್, ಟಾರ್ಗೆಟ್ ಹೋಗ್ತಿರೋದು ಇಲ್ಲಿ’ ಅನ್ನಿ. ಕೂಗಾಟ ಪೂರ್ತಿ ನಿಲ್ಲುತ್ತೆ ಅಂತ ಮಾತು ಕೊಡೋಕಾಗಲ್ಲ. ನಿಂತಿಲ್ಲ, ಮೈಮೇಲೆ ಕೈ ಹಾಕೋ ಮಟ್ಟಕ್ಕೋ ಅಸಹ್ಯ ಮಾತಿಗೋ ಹೋಯ್ತು ಅಂದ್ರೆ ಅದು ಕಮ್ಯುನಿಕೇಷನ್ ಸಮಸ್ಯೆ ಅಲ್ಲ, ದೂರು ಕೊಡೋ ವಿಷಯ. ಕಾನೂನು ಪ್ರಕಾರ ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡೋ ಕಡೆ ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ ಅದು.

ಪ್ರಶ್ನೆ: ನಾ ನಮ್ಮ ಊರ ಸ್ತ್ರೀಶಕ್ತಿ ಸಂಘದ ಪ್ರತಿನಿಧಿ ಅದೀನ್ರಿ, ನಾವು 15 ಮಂದಿ ಅದೀವಿ. ಮೀಟಿಂಗ್‌ನ್ಯಾಗ ಏನರ ಕೇಳಿದ್ರ ಯಾರೂ ಬಾಯಿ ಬಿಡಂಗಿಲ್ರಿ, ಎಲ್ಲಾರೂ ಹೂಂ ಅಂತಾರ. ಎದ್ದು ಹೊರಗ ಹೋದ ಮ್ಯಾಲ ಹಾದಿಯಾಗ ನಿಂತು ‘ಆಕಿ ತನಗ ಬೇಕಾದೋರಿಗೆ ಸಾಲ ಕೊಡಸ್ತಾಳ’ ಅಂತ ಮಾತಾಡ್ತಾರ. ನಾ ಒಂದ್ ರೂಪಾಯಿ ತಿಂದಿಲ್ರಿ. ಬಿಟ್ ಬಿಡ್ಲೇನ್ರಿ ಈ ಕೆಲಸ? – ಹಾವೇರಿ ಜಿಲ್ಲೆ

ಬಿಡಬ್ಯಾಡ್ರಿ ಅಕ್ಕಾರ. ಹೊರಗೆ ಮಾತಾಡ್ತಾರೆ ಅಂದ್ರೆ ಅವರಿಗೆ ಹೇಳೋಕೆ ಇದೆ ಅಂತ ಆಯ್ತಲ್ಲ, ಹಾದಿಯಲ್ಲಿ ಆಡೋ ಮಾತನ್ನ ಸಭೆಯೊಳಗೆ ತರೋದು ಹೇಗೆ ಅನ್ನೋದಷ್ಟೇ ಈಗ ಪ್ರಶ್ನೆ.

ಒಂದು ದೂರದ ವಿಷಯ ಹೇಳಿ ಹತ್ರಕ್ಕೆ ಬರ್ತೀನಿ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರ್‌ಗಳಿಗೆ ಅಂತ 19 ಅಂಶದ ಒಂದು ಚೆಕ್‌ಲಿಸ್ಟ್ ಮಾಡ್ತು, ಅದರಲ್ಲಿ ಒಂದು ಅಂಶ ಕೊಯ್ಯೋಕೆ ಮುಂಚೆ ಅಲ್ಲಿರೋ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಬಾಯಿಬಿಟ್ಟು ಹೇಳ್ಬೇಕು ಅನ್ನೋದು. ದೊಡ್ಡ ಡಾಕ್ಟರಿಂದ ನರ್ಸಮ್ಮನವರೆಗೂ. ಯಾಕಂದ್ರೆ ಶುರುವಲ್ಲೇ ಒಂದು ಸಲ ದನಿ ಹೊರಗೆ ಬಂದ್ರೆ, ಆಮೇಲೆ ಏನಾದ್ರೂ ತಪ್ಪು ಕಂಡಾಗ ಹೇಳೋಕೆ ಅವರಿಗೆ ಅಷ್ಟು ಕಷ್ಟ ಆಗಲ್ಲ. ನಿಮ್ಮ ಸಭೆಯಲ್ಲಿ ಉಳಿತಾಯದ ದುಡ್ಡು ತಗೊಳ್ಳುವಾಗ ಏನಾಗುತ್ತೆ ನೋಡಿ, ನೀವೇ ಹೆಸರು ಕೂಗ್ತೀರಿ, ನೀವೇ ಎಣಿಸ್ತೀರಿ, ನೀವೇ ಬರೀತೀರಿ, ಅವರು ದುಡ್ಡು ಮುಂದಿಟ್ಟು ಕೂರ್ತಾರೆ. ಇನ್ಮೇಲೆ ಒಬ್ಬೊಬ್ಬರೂ ‘ನಂದು ಇಷ್ಟು ಉಳಿತಾಯ, ಇಷ್ಟು ಕಂತು, ಇಷ್ಟು ಬಾಕಿ’ ಅಂತ ತಾವೇ ಗಟ್ಟಿಯಾಗಿ ಹೇಳ್ಲಿ. 15 ಮಂದಿಗೆ ಹತ್ತು ನಿಮಿಷ ಹಿಡಿಯುತ್ತೆ. ಪಂಚಸೂತ್ರ ಅಂತ ಸಂಘಗಳಿಗೆ ಹೇಳಿಕೊಡ್ತಾರಲ್ಲ, ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಬರೆಯೋದು ಅಂತ, ಅದರ ಪುಸ್ತಕದ ಕೆಲಸ ಇದರಲ್ಲೇ ಆಗುತ್ತೆ.

ಆಮೇಲೆ ಸಾಲದ ಮಾತು. ‘ಈ ಸಲ ಇಂಥವರಿಗೆ ಕೊಡೋಣ ಅಂತೀನಿ, ಏನಂತೀರಿ’ ಅಂತ ನೀವು ಮೊದಲು ಹೇಳಿಬಿಟ್ರೆ ಮುಗೀತು, ಹೂಂ ಅಂತಾರೆ. ಒಳಗೆ ಬೇಡ ಅನ್ಸಿದ್ರೂ ಹೂಂ ಅಂತಾರೆ, ಆ ಹೆಂಗಸು ಎದುರಿಗೇ ಕೂತಿರ್ತಾಳೆ, ನಾಳೆ ನೀರಿನ ಹತ್ರ ಮುಖ ನೋಡ್ಬೇಕು. ಅದಕ್ಕೆ ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ, ಮೊದಲು ಯಾವತ್ತೂ ಮಾತಾಡದೇ ಇರೋರಿಂದ ಶುರು ಮಾಡ್ಸಿ. ಹೆಸರಿನ ಬಗ್ಗೆ ಮಾತಾಡೋ ಮುಂಚೆ ನಿಯಮದ ಬಗ್ಗೆ ಮಾತಾಡ್ಸಿ, ಆಸ್ಪತ್ರೆ ಖರ್ಚು ಮೊದಲಾ, ಬಿತ್ತನೆ ಮೊದಲಾ, ಮದುವೆ ಮೊದಲಾ, ಹಳೇ ಬಾಕಿ ಇದ್ದೋರಿಗೆ ಕೊಡಬೇಕಾ ಅಂತ. ಅದನ್ನ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ, ಹೆಬ್ಬೆಟ್ಟು ಹಾಕ್ಸಿ. ಆಮೇಲೆ ಯಾರಿಗೆ ಸಾಲ ಹೋದ್ರೂ ಅದು ಪುಸ್ತಕದ ಮಾತು ಆಗುತ್ತೆ, ನಿಮ್ಮ ಮಾತು ಆಗಲ್ಲ.

ಒಂದು ಕಷ್ಟದ ಪ್ರಶ್ನೆನೂ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಂದು ರೂಪಾಯಿ ತಿಂದಿಲ್ಲ ಅಂದ್ರಿ, ನಿಜ ಇರುತ್ತೆ. ಆದ್ರೆ ಹೋದ ವರ್ಷದ ಪುಸ್ತಕ ತೆಗೆದು ಸಾಲ ಹೋದೋರ ಹೆಸರು ಒಂದು ಹಾಳೆ ಮೇಲೆ ಬರೀರಿ, ಅದರಲ್ಲಿ ನಿಮ್ಮ ಓಣಿಯೋರು ಎಷ್ಟು, ಆ ಕಡೆ ಓಣಿಯೋರು ಎಷ್ಟು ಎಣಿಸಿ. ದುಡ್ಡು ತಿನ್ನದೇನೂ ಒಂದು ಕಡೆಗೆ ವಾಲೋದು ಮನುಷ್ಯರಿಗೆ ಸಹಜ, ಹತ್ತಿರದೋರ ಕಷ್ಟ ನಮಗೆ ಬೇಗ ಕಿವಿಗೆ ಬೀಳುತ್ತೆ. ವಾಲಿದ್ರೆ ಸಭೆಯಲ್ಲಿ ನೀವೇ ಮೊದಲು ಹೇಳಿ. ವಾಲಿಲ್ಲ ಅಂದ್ರೆ ಆ ಹಾಳೆನೇ ತೋರಿಸಿ.

ಪ್ರಶ್ನೆ: ಆನ್‌ಲೈನಲ್ಲಿ ಪರ್ಸನಾಲಿಟಿ ಟೆಸ್ಟ್ ತಗೊಂಡೆ, ನಾಲ್ಕು ಅಕ್ಷರದ ಟೈಪ್ ಬಂತು, ನಾನು ಇಂಟ್ರೋವರ್ಟ್ ಅಂತೆ, ಅಂದ್ರೆ ನನ್ನಷ್ಟಕ್ಕೆ ಇರೋ ಸ್ವಭಾವ. ಲೀಡರ್ ಆಗೋಕೆ ಆಗಲ್ವಾ? – ಶಿವಮೊಗ್ಗ

ಆಗಬಹುದು. ನಾಲ್ಕಕ್ಷರದ ಆ ಟೆಸ್ಟಿನ ಮೂಲ ಮಾಡಿದ್ದು ಅಮೆರಿಕದ ಒಬ್ಬ ತಾಯಿ ಮತ್ತು ಮಗಳು, ಕ್ಯಾಥರೀನ್ ಬ್ರಿಗ್ಸ್, ಇಸಬೆಲ್ ಬ್ರಿಗ್ಸ್ ಮೈಯರ್ಸ್, ಇಬ್ಬರೂ ಮನಃಶಾಸ್ತ್ರ ಓದಿದವರಲ್ಲ. ಸ್ವಲ್ಪ ವಾರ ಬಿಟ್ಟು ಮತ್ತೆ ತಗೊಂಡ್ರೆ ಬಹಳ ಜನಕ್ಕೆ ಬೇರೆ ಅಕ್ಷರ ಬರುತ್ತೆ. ನಿಮ್ಮ ಬಗ್ಗೆ ತಿಳ್ಕೋಬೇಕು ಅಂದ್ರೆ ನಿಮ್ಮ ಜೊತೆ ಕೆಲಸ ಮಾಡೋ ಇಬ್ಬರನ್ನ ಕೇಳಿ, ‘ನಾನು ಟೆನ್ಷನಲ್ಲಿ ಇದ್ದಾಗ ನಿಮಗೆ ಹೇಗೆ ಗೊತ್ತಾಗುತ್ತೆ’ ಅಂತ. ಅವರು ಹೇಳುವಾಗ ಮಧ್ಯ ಬಾಯಿ ಹಾಕದೇ ಇರೋಕೆ ಆಗುತ್ತಾ ನೋಡಿ.

ಪ್ರಶ್ನೆ: ರಾಯಚೂರು ಕಡೆಯವನು, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಈಗ ಬೆಂಗಳೂರಲ್ಲಿ ಒಂದು ಟೀಮ್ ನೋಡ್ಕೋತೀನಿ. ಕೆಲಸ ಚೆನ್ನಾಗಿ ಬರುತ್ತೆ, ಇಂಗ್ಲಿಷ್ ಮೀಟಿಂಗಲ್ಲಿ ಮಾತ್ರ ಬಾಯಿ ಒಣಗುತ್ತೆ, ಸುಮ್ಮನೆ ಕೂತುಬಿಡ್ತೀನಿ. ಮೊನ್ನೆ ಒಬ್ಬರು ‘ನಿನಗೆ ಇಂಟ್ರೆಸ್ಟ್ ಇಲ್ವೇನೋ ಅನ್ಕೊಂಡಿದ್ದೆ’ ಅಂದ್ರು. – ಬೆಂಗಳೂರು

ಈ ಪತ್ರ ಓದಿ ಮನಸ್ಸಿಗೆ ತಟ್ತು, ಯಾಕಂದ್ರೆ ಇಂಥ ಹುಡುಗರು ಹುಡುಗೀರು ನಮ್ಮಲ್ಲಿ ಎಷ್ಟೋ ಜನ ಇದಾರೆ, ಕೆಲಸದಲ್ಲಿ ಮುಂದೆ ಇರ್ತಾರೆ, ಮೀಟಿಂಗಲ್ಲಿ ಹಿಂದಿನ ಕುರ್ಚಿ ಹಿಡೀತಾರೆ. ನಿಮಗೆ ಒಳಗೆ ಭಯ, ಹೊರಗಿನಿಂದ ನೋಡೋರಿಗೆ ಅದು ಅಹಂಕಾರ ಥರ ಕಾಣುತ್ತೆ, ಇಲ್ಲಾ ಆಸಕ್ತಿ ಇಲ್ಲ ಅಂತ ಕಾಣುತ್ತೆ. ಮೇಲೆ ಹೇಳಿದ ಜೊಹಾರಿ ಕಿಟಕಿಯಲ್ಲಿ ಇದೂ ಅದೇ ಮನೆ, ಊರಿಗೆ ಕಾಣುತ್ತೆ ನಮಗೆ ಕಾಣಲ್ಲ ಅನ್ನೋದು.

ಮೀಟಿಂಗಿಗೆ ಮುಂಚೆ ಮೂರು ವಾಕ್ಯ ಬರ್ಕೊಳ್ಳಿ, ಎಲ್ಲಿಗೆ ಬಂತು, ಏನು ಅಡ್ಡ ಇದೆ, ನಿಮ್ಮಿಂದ ಏನು ಬೇಕು. ಸಣ್ಣ ಸಣ್ಣ ವಾಕ್ಯ. ಮೊದಲ ಐದು ನಿಮಿಷದಲ್ಲೇ ಅದನ್ನ ಹೇಳಿಬಿಡಿ, ಕೊನೇವರೆಗೂ ಕಾದ್ರೆ ಭಯ ಬೆಳೀತಾ ಹೋಗುತ್ತೆ. ಅರ್ಥ ಆಗದೇ ಇದ್ದಾಗ ಇನ್ನೊಂದ್ಸಲ ಹೇಳಿ ಅಂತ ಕೇಳಿ, ಇಂಗ್ಲಿಷ್ ಚೆನ್ನಾಗಿ ಬರೋರೂ ಕೇಳ್ತಾರೆ ಅದನ್ನ. ಟೀಮಲ್ಲಿ ಕನ್ನಡ ಬರೋರ ಜೊತೆ ಒಬ್ಬೊಬ್ಬರೇ ಮಾತಾಡುವಾಗ ಕನ್ನಡದಲ್ಲೇ ಮಾತಾಡಿ, ಆದ್ರೆ ಕನ್ನಡ ಬರದೇ ಇರೋರು ಒಬ್ಬರು ಟೇಬಲಲ್ಲಿ ಇದ್ರೂ ಎಲ್ಲರಿಗೂ ಗೊತ್ತಿರೋ ಭಾಷೆಗೆ ಬನ್ನಿ. ಮೀಟಿಂಗಲ್ಲಿ ಭಾಷೆ ತಿಳೀದೆ ಒಂಟಿಯಾಗಿ ಕೂರೋದು ಹೇಗಿರುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ. ನಿಮ್ಮ ಮ್ಯಾನೇಜರಿಗೂ ಒಂದ್ಸಲ ನೇರವಾಗಿ ಹೇಳಿ, ‘ಇಂಗ್ಲಿಷಲ್ಲಿ ನಾನು ನಿಧಾನ, ವಿಷಯದಲ್ಲಿ ನಿಧಾನ ಅಲ್ಲ, ಮಾತಾಡೋಕೆ ಸ್ವಲ್ಪ ಟೈಮ್ ಕೊಡಿ’ ಅಂತ.

ಒಂದು ತಿದ್ದುಪಡಿ

ಹೋದ ತಿಂಗಳು ಇದೇ ಜಾಗದಲ್ಲಿ ‘ಹೊಗಳೋದು ಎಲ್ಲರ ಮುಂದೆ, ತಿದ್ದೋದು ರೂಮಿಗೆ ಕರೆದು ಬಾಗಿಲು ಹಾಕಿ’ ಅಂತ ಬರೆದಿದ್ದೆ. ಮಂಡ್ಯದಿಂದ ಒಬ್ಬರು ಸಿಸ್ಟರ್, ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್, ಎರಡು ಪುಟ ಬರೆದಿದಾರೆ. ಅವರ ವಾರ್ಡಲ್ಲಿ ಈಚೆಗೆ ಔಷಧಿ ಕೊಡೋದ್ರಲ್ಲಿ ತಪ್ಪಾಯ್ತು ಅನ್ನೋ ರಿಪೋರ್ಟ್ ಜಾಸ್ತಿ ಬರ್ತಿದೆ ಅಂತ ಮೇಲಿನವರು ಕೇಳಿದ್ರಂತೆ, ‘ಜಾಸ್ತಿ ಆಗ್ತಿಲ್ಲ ಸಾರ್, ಈಗ ಹುಡುಗೀರು ಬಂದು ಹೇಳ್ತಿದಾರೆ’ ಅಂತ ಉತ್ತರ ಕೊಟ್ರಂತೆ. ಅವರು ಹೇಳಿದ್ದು ಸರಿ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಅನ್ನೋ ಅಮೆರಿಕದ ಸಂಶೋಧಕಿ ಆಸ್ಪತ್ರೆಗಳಲ್ಲಿ ಇದನ್ನೇ ನೋಡಿದ್ರು, ಒಳ್ಳೇ ತಂಡ ಇರೋ ವಾರ್ಡಲ್ಲಿ ತಪ್ಪು ಕಮ್ಮಿ ಇರುತ್ತೆ ಅಂತ ಅನ್ಕೊಂಡು ಹೋದ್ರೆ ಲೆಕ್ಕ ಉಲ್ಟಾ ಬಂತು, ಆಮೇಲೆ ಹುಡುಕಿದಾಗ ಗೊತ್ತಾಗಿದ್ದು ಒಳ್ಳೇ ತಂಡದೋರು ಮುಚ್ಚಿಡ್ತಿರಲಿಲ್ಲ ಅಂತ.

ಸಿಸ್ಟರ್ ಬರೆದ ಎರಡನೇ ವಿಷಯ ನನ್ನ ತಪ್ಪಿನ ಬಗ್ಗೆ. ‘ಬಾಗಿಲು ಹಾಕಿ ಅಂತ ಬರೆದಿದೀರಾ, ಗಂಡಸು ಮೇಲಧಿಕಾರಿ ಚಿಕ್ಕ ವಯಸ್ಸಿನ ನರ್ಸನ್ನ ರೂಮಿಗೆ ಕರೆದು ಬಾಗಿಲು ಹಾಕಿದ್ರೆ ಆ ಹುಡುಗಿಗೆ ಒಳಗೆ ಏನು ಹೇಳಿದ್ರು ಅನ್ನೋದು ಕಿವಿಗೇ ಹೋಗಲ್ಲ, ಹೊರಗೆ ಏನು ಮಾತಾಡ್ಕೋತಾರೆ ಅನ್ನೋದೇ ತಲೆಯಲ್ಲಿರುತ್ತೆ. ನಾನು ಕಾರಿಡಾರ್ ಕೊನೆಯಲ್ಲಿ ಕಿಟಕಿ ಹತ್ರ ನಿಲ್ಲಿಸ್ಕೊಂಡು ಮಾತಾಡ್ತೀನಿ, ಎಲ್ಲರಿಗೂ ಕಾಣುತ್ತೆ, ಯಾರಿಗೂ ಕೇಳಿಸಲ್ಲ’ ಅಂತ ಬರೆದಿದಾರೆ.

ಮೂವತ್ತು ವರ್ಷ ಗಂಡಸರೇ ತುಂಬಿದ್ದ ಶಾಪ್ ಫ್ಲೋರಲ್ಲಿ ಕೆಲಸ ಮಾಡಿದ ನನಗೆ ಇದು ಹೊಳೆದೇ ಇರಲಿಲ್ಲ. ಹೇಳಿದ್ದು ಒಳ್ಳೇದಾಯ್ತು ಸಿಸ್ಟರ್. ಹೋದ ತಿಂಗಳ ಆ ಸಾಲನ್ನ ಓದಿದೋರು ದಯವಿಟ್ಟು ‘ಬಾಗಿಲು ಹಾಕಿ’ ಅನ್ನೋದನ್ನ ಹೊಡೆದುಹಾಕಿ ‘ಎಲ್ಲರಿಗೂ ಕಾಣೋ ಕಡೆ, ಯಾರಿಗೂ ಕೇಳಿಸದ ಹಾಗೆ’ ಅಂತ ತಿದ್ದಿಕೊಳ್ಳಿ.